ಇಲಿ ಬಿದ್ದ ಮನೆಗಳು

ಅಟ್ಟದಿಂದ ಸತ್ತ ಇಲಿ ಬಿತ್ತೆಂದರೆ ಊರೇ ಖಾಲಿ. ಪಾತ್ರೆಪಡಗ, ದನಕರು, ಹಸುಗೂಸುಗಳೊಂದಿಗೆ ಜನ ಊರಾಚೆ ಗುಡಿಸಲು ಹಾಕಿಕೊಂಡು, ಮಾರಿ ತೊಲಗಲೆಂದು ಕಾಯುತ್ತಿದ್ದರು.

1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಈ ಮಾರಿ, ಪ್ಲೇಗು, ಮೈಸೂರು ಸಂಸ್ಥಾನದ ಹಳ್ಳಿಗಳನ್ನು ದಶಕಗಟ್ಟಲೆ ಕಾಡಿತು. ನಡುವೆ, 1918ರಲ್ಲಿ, ಇನ್‌ಫ್ಲುಯೆಂಜಾ ಬಂದೆರಗಿತು.

ಆ ದಿನಗಳ ಸಂಕಟ ಅರಿಯಲು ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಕಾದಂಬರಿಕಾರ ಎಸ್. ಎಲ್. ಭೈರಪ್ಪ ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. 1970ರಲ್ಲಿ ಬಂದ ಅವರ ‘ಗೃಹಭಂಗ’ ಕಾದಂಬರಿಯ ನಂಜಮ್ಮ, ಶಾನುಭೋಗ ಗಂಡನ ಲೆಕ್ಕವನ್ನು ತಾನೇ ಬರೆದು ಸಂಸಾರ ಎಳೆದವಳು, ಬೆಳೆದ ಮಕ್ಕಳಿಬ್ಬರನ್ನು ಪ್ಲೇಗಿಗೆ ಕೊಟ್ಟವಳು. ಈ ಸೀಮೆಯ ಎಷ್ಟೋ ಅಜ್ಜಿಯರ ಮುಖ ಆಕೆಯಲ್ಲಿದೆ.

ಪ್ಲೇಗಿನಿಂದ ಬದುಕುಳಿದವರು ಊರಿಗೆ ಮರಳಿ, ಮನೆಗೆ ಸುಣ್ಣ ಬಳಿದು, ಮತ್ತೆ ಒಲೆ ಹಚ್ಚಿದರು.