ಹಳೇ ಸೀರೆ, ಬಳೆಚೂರು, ಸುಣ್ಣ: ದುರ್ಗದ ಸೀಮೆಯ ಮನೆಗಳು ಹೊಸದಾಗ್ತಿದ್ದ ಕಥೆ

ಭಾಗ 1/6 | ಕೋಟೆ ಬಿಟ್ಟು ಮನೆಗೆ ಬನ್ನಿ

ಈ ಸಲದ ಸರಣಿ ಕೋಟೆ ಬಗ್ಗೆ ಅಲ್ಲ. ಮದಕರಿ ನಾಯಕ, ಓಬವ್ವ, ಹೈದರಾಲಿ, 1779, ಇದೆಲ್ಲ ಸ್ಕೂಲಲ್ಲೇ ಓದಿದ್ದೀವಿ. ಕೋಟೆ ಕೆಳಗಿನ ಊರುಗಳಲ್ಲಿ ಬದುಕಿದ ಜನ ತಮ್ಮ ಮನೇನ ಹೆಂಗೆ ಚೆಂದ ಮಾಡ್ಕೊಂತಿದ್ರು ಅನ್ನೋದು ಮಾತ್ರ ನಮ್ಮ ಪಠ್ಯದಲ್ಲಿ ಇರ್ಲಿಲ್ಲ.

ಹಬ್ಬ ಹತ್ರ ಬಂತು ಅಂದ್ರೆ ಫೀಡ್ ತುಂಬ ರೂಮ್ ಮೇಕ್‌ಓವರ್ ರೀಲ್ಸ್. ಎಲ್‌ಇಡಿ ಸ್ಟ್ರಿಪ್, ಪ್ಲಾಸ್ಟಿಕ್ ಬಳ್ಳಿ, ಅಂಟಿಸೋ ವಾಲ್‌ಪೇಪರ್, ಕುಶನ್ ಕವರ್. ಎಲ್ಲಾ ಕಾರ್ಟ್‌ಗೆ ಹಾಕಿ ಟೋಟಲ್ ನೋಡಿದ್ರೆ ನಮ್ಮಂಥ ಸ್ಟೂಡೆಂಟ್ಸ್‌ಗೆ ಎದೆ ಧಸಕ್ಕನ್ನುತ್ತೆ.

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಮನೆಗಳು ಪ್ರತಿವರ್ಷ ಹೊಸದಾಗ್ತಿದ್ವು. ಅದಕ್ಕೆ ಬೇಕಾದ ಸಾಮಾನು ಬಹುಪಾಲು ಮನೆಯಲ್ಲೋ, ಹೊಲದಲ್ಲೋ, ಹಳ್ಳದ ದಂಡೆಯಲ್ಲೋ ಇರ್ತಿತ್ತು. ಗೋಡೆ, ಮಾಳಿಗೆ, ಬಾಗಿಲು, ಹಾಸಿಗೆ: ಈ ನಾಲ್ಕನ್ನ ಒಂದೊಂದಾಗಿ ನೋಡೋಣ. ನಾನು ಬಿಕಾಂ ಓದ್ತಿರೋದ್ರಿಂದ ಮಧ್ಯೆ ಸ್ವಲ್ಪ ಅಕೌಂಟ್ಸ್ ಬರುತ್ತೆ, ಸಹಿಸ್ಕೊಳ್ಳಿ.

ಭಾಗ 2/6 | ಗೋಡೆ ಮತ್ತು ಮಾಳಿಗೆ

ನಮ್ಮದು ಬಯಲುಸೀಮೆ. ಮಲೆನಾಡಿನ ಥರ ಮಳೆ ಹೊಯ್ಯಲ್ಲ. ಅದಕ್ಕೇ ಹಳೇ ಊರುಗಳಲ್ಲಿ ಚಪ್ಪಟೆ ಮಣ್ಣಿನ ಮಾಳಿಗೆ ಮನೆಗಳು ಜಾಸ್ತಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪು, ಎಲ್ಲಕ್ಕಿಂತ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಚೌಳು ಮಣ್ಣು ಹಾಕಿ ಬಡಿದು ಗಟ್ಟಿ ಮಾಡೋರು. ಚೌಳು ಅಂದ್ರೆ ಉಪ್ಪಿನಂಶ ಇರೋ ಮಣ್ಣು. ಅದು ನೆಂದಾಗ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತ್ಕೊಂಡು ನೀರು ಇಳಿಯದ ಹಾಗೆ ಮಾಡ್ತವೆ. ಇದೇ ಗುಣದಿಂದ ಹೊಲದಲ್ಲಿ ಬೆಳೆ ಕೆಡುತ್ತೆ, ಮಾಳಿಗೆ ಮೇಲೆ ಮನೆ ಉಳಿಯುತ್ತೆ.

ಇನ್ನು ಗೋಡೆ. ಯುಗಾದಿ, ದಸರಾ, ದೀಪಾವಳಿ, ಇಲ್ಲಾ ಊರ ಜಾತ್ರೆ ಬಂತು ಅಂದ್ರೆ ಸುಣ್ಣ-ಕಾರಣೆ. ಸುಣ್ಣದ ಹರಳಿಗೆ ನೀರು ಹಾಕಿದ್ರೆ ಒಲೆ ಇಲ್ದೇನೆ ಕೊತಕೊತ ಕುದಿಯುತ್ತೆ. ತಣ್ಣಗಾದ ಮೇಲೆ ಸೋಸಿ, ಬಟ್ಟೆಗೆ ಹಾಕೋ ನೀಲಿ ಒಂಚೂರು ಬೆರೆಸಿ, ನಾರು ಜಜ್ಜಿ ಮಾಡಿದ ಕುಂಚದಲ್ಲಿ ಬಳಿಯೋದು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ನೆಲಕ್ಕೆ ಸಗಣಿ ಸಾರಿಸಿ ರಂಗೋಲಿ.

ಇದರಲ್ಲಿ ಅಂದ ಎಷ್ಟಿತ್ತೋ ಉಪಯೋಗಾನೂ ಅಷ್ಟೇ ಇತ್ತು. ಹಸಿ ಸುಣ್ಣ ಕ್ಷಾರ, ಹಾಗಾಗಿ ಬೂಷ್ಟು, ಹುಳ ಹತ್ರ ಬರಲ್ಲ. ಒಣಗ್ತಾ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಮತ್ತೆ ಸುಣ್ಣದಕಲ್ಲೇ ಆಗುತ್ತೆ. ಅಂದ್ರೆ ಪ್ರತಿವರ್ಷ ಗೋಡೆಗೆ ಒಂದು ತೆಳ್ಳನೆ ಕಲ್ಲಿನ ಪದರ. ಕಿಟಕಿ ಸಣ್ಣದಾಗಿದ್ದ ಆ ಮನೆಗಳ ಒಳಗೆ ಬೆಳಕು ಹರಡ್ತಿದ್ದದ್ದೂ ಈ ಬಿಳುಪಿಂದಲೇ. ಹಳೇ ಮನೆ ಕೆಡವುವಾಗ ಗೋಡೆ ಸಿಪ್ಪೆ ಎದ್ದಿರೋ ಕಡೆ ನೋಡಿ. ಒಂದರ ಮೇಲೊಂದು ಪದರ ಎಣಿಸಬಹುದು.

ಭಾಗ 3/6 | ಬಾಗಿಲಿಗೆ ಮತ್ತೋಡಿನ ಬೆಳಕು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಗೊತ್ತಲ್ವಾ? ಬಸ್ ಬೋರ್ಡಲ್ಲಿ ಹೆಸರು ನೋಡಿರ್ತೀರ. ಒಂದು ಕಾಲಕ್ಕೆ ಅದು ಗಾಜಿನ ಬಳೆಯ ಊರು.

ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಮೈಸೂರು ಸೀಮೆ ಸುತ್ತಿ ವರದಿ ಕೊಡು ಅಂತ ಕಳಿಸ್ತು. 1800-1801ರಲ್ಲಿ ಅವನು ಊರೂರು ತಿರುಗಿ ಬರೆದದ್ದು 1807ರಲ್ಲಿ ಪುಸ್ತಕ ಆಯ್ತು. ಅದರಲ್ಲಿ ಮತ್ತೋಡಿನ ಗಾಜಿನ ಕೆಲಸದ ವಿವರ ಇದೆ. ಗಾಜಿಗೆ ಬೇಕಾದ ಬಿಳಿಕಲ್ಲು, ಚೌಳು ಮಣ್ಣು ಎಲ್ಲಾ ಸುತ್ತಮುತ್ತಲೇ ಸಿಗ್ತಿತ್ತು. ಹೌದು, ಮಾಳಿಗೆ ಮೇಲೆ ಹಾಕ್ತಿದ್ದ ಅದೇ ಜಾತಿ ಮಣ್ಣು. ಬಿಳಿಕಲ್ಲಿನ ಪುಡಿ ಬರೀ ಬೆಂಕಿಗೆ ಸುಲಭವಾಗಿ ಕರಗಲ್ಲ. ಚೌಳಿನಲ್ಲಿರೋ ಸೋಡಾ ಸೇರಿದ್ರೆ ಕಡಿಮೆ ಕಾವಲ್ಲೇ ಕರಗುತ್ತೆ. ಬೆಳೆ ಬರದ ನೆಲದ ಮಣ್ಣು ಹಿಂಗೆ ಹೆಣ್ಣುಮಕ್ಕಳ ಕೈಗೆ ಬಳೆ ಆಗ್ತಿತ್ತು.

ಬಳೆ ಒಡೆದ್ರೆ? ಎಸೆಯೋ ಮಾತೇ ಇಲ್ಲ. ಚೂರನ್ನ ದೀಪದ ಕುಡಿಗೆ ಹಿಡಿದ್ರೆ ಗಾಜು ಮೆತ್ತಗಾಗುತ್ತೆ. ಎರಡು ತುದಿ ಸೇರಿಸಿದ್ರೆ ಒಂದು ಕೊಂಡಿ. ಕೊಂಡಿಗೆ ಕೊಂಡಿ ಹಾಕ್ತಾ ಹೋದ್ರೆ ಸರ. ಸರಗಳನ್ನ ಸಾಲಾಗಿ ಕಟ್ಟಿದ್ರೆ ಬಾಗಿಲಿಗೆ ತೋರಣ. ಬೆಳಗಿನ ಬಿಸಿಲು ಬಿದ್ದಾಗ ಹಸಿರು, ಕೆಂಪು, ನೀಲಿ ಚುಕ್ಕಿ ನೆಲದ ಮೇಲೆ ಆಡ್ತವೆ, ಗಾಳಿ ಬಂದ್ರೆ ಕಿಣಿಕಿಣಿ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂಥ ತೋರಣ ಇತ್ತು. ರಜೆಯಲ್ಲಿ ಹುಡುಗಿಯರು ಚೂರು ಕೂಡಿಟ್ಟು ಅಜ್ಜಿ ಪಕ್ಕ ಕೂತು ಕಲಿತಿದ್ದ ಕೆಲಸ ಅದು. (ಮಾಡಿ ನೋಡ್ತೀರಾದ್ರೆ ಇಕ್ಕಳ ಹಿಡ್ಕೊಳ್ಳಿ. ಮೆತ್ತಗಾದ ಗಾಜು ಚರ್ಮ ಸುಡುತ್ತೆ. ಪ್ಲಾಸ್ಟಿಕ್ ಬಳೆ ಬೇಡವೇ ಬೇಡ, ಹೊಗೆ ವಿಷ.)

ಭಾಗ 4/6 | ಕೌದಿ: ಸವಕಳಿ ಲೆಕ್ಕಕ್ಕೆ ಸಿಗದ ಆಸ್ತಿ

ಅಕೌಂಟ್ಸ್ ಕ್ಲಾಸಲ್ಲಿ ಡಿಪ್ರಿಸಿಯೇಷನ್ ಮಾಡಿದ್ದೀವಲ್ಲ, ಕನ್ನಡದಲ್ಲಿ ಸವಕಳಿ. ಒಂದು ಆಸ್ತಿಗೆ ಇಷ್ಟು ವರ್ಷ ಆಯುಸ್ಸು, ವರ್ಷಾ ವರ್ಷ ಬೆಲೆ ಇಳಿಸ್ತಾ ಬಂದು ಕೊನೆಗೆ ಸ್ಕ್ರ್ಯಾಪ್ ವ್ಯಾಲ್ಯೂ.

ಈಗ ನಮ್ಮಜ್ಜಿ ಕಾಲದ ಒಂದು ಹತ್ತಿ ಸೀರೆ ತಗೊಳ್ಳಿ. ಮೊದಲು ಹಬ್ಬದ ಸೀರೆ. ಬಣ್ಣ ಮಾಸಿದ ಮೇಲೆ ದಿನಬಳಕೆಗೆ. ಹರಿಯೋಕೆ ಶುರುವಾದ್ರೆ ಮಗುವಿಗೆ ಜೋಲಿ. ಆಮೇಲೆ ಕೌದಿ. ಕೌದಿ ಹರಿದ್ರೆ ಕಾಲೊರೆಸು. ಕೊನೆಗೆ ಒಲೆ ಮೇಲಿನ ಪಾತ್ರೆ ಇಳಿಸೋ ಮಸಿಬಟ್ಟೆ. ಆರು ಸಲ ಆಯುಸ್ಸು ಕೊಟ್ಟಿದ್ದಾರೆ. ಇದಕ್ಕೆ ಯಾವ ಮೆಥಡ್ ಹಾಕ್ತೀರ?

ಕೌದಿ ಹೊಲಿಯೋದು ಹೆಂಗೆ ಅಂದ್ರೆ, ಹಳೇ ಸೀರೆ, ಪಂಚೆ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿಂದ ಶುರು ಮಾಡಿ ಒಳಗಡೆಗೆ ಸಾಲುಸಾಲು ಟಾಕು. ಮೆತ್ತಗಾದ ಹಳೇ ಬಟ್ಟೇನೇ ಬೇಕು, ಹೊಸ ಬಟ್ಟೆ ಚುಚ್ಚುತ್ತೆ. ನಮ್ಮನೆ ಕೌದಿಯ ಹರಿದ ಮೂಲೆ ಬಿಡಿಸಿ ನೋಡಿದಾಗ ಒಳಗೆ ಮೂರು ಸೀರೆ ಸಿಕ್ವು. ಅದರಲ್ಲಿ ಒಂದು ಯಾರದ್ದು ಅಂತ ನಮ್ಮಮ್ಮಂಗೂ ಗೊತ್ತಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿ ಇವತ್ತು ಕಲಾ ಪ್ರದರ್ಶನಗಳಿಗೆ ಹೋಗ್ತಾ ಇದೆ. ಬಂಗಾಳದಲ್ಲಿ ಇದೇ ಬುದ್ಧಿಗೆ ಕಾಂತಾ ಅಂತಾರೆ, ಜಪಾನಿನ ರೈತರ ತೇಪೆ ಬಟ್ಟೆಗೆ ಬೋರೋ ಅಂತಾರೆ.

ಎರಡನೇ ಮಹಾಯುದ್ಧದ ಕಾಲ ನೋಡಿ. ಬ್ರಿಟನ್‌ನಲ್ಲಿ 1941ರ ಜೂನ್‌ನಿಂದ ಬಟ್ಟೆಗೆ ರೇಷನ್. 1943ರಲ್ಲಿ ಅಲ್ಲಿನ ಸರ್ಕಾರ ‘ಮೇಕ್ ಡೂ ಆ್ಯಂಡ್ ಮೆಂಡ್’ ಅಂತ ಪುಸ್ತಿಕೆ ಅಚ್ಚು ಹಾಕ್ಸಿ, ಹಳೇ ಬಟ್ಟೆ ರಿಪೇರಿ ಮಾಡೋದು ಹೆಂಗೆ ಅಂತ ಜನಕ್ಕೆ ಹೇಳಿಕೊಟ್ತು. ಅದೇ 1943ರಲ್ಲಿ ಬ್ರಿಟಿಷ್ ಇಂಡಿಯಾದಲ್ಲೂ ಹತ್ತಿ ಬಟ್ಟೆ ಮತ್ತು ನೂಲಿಗೆ ಕಂಟ್ರೋಲ್ ಆದೇಶ ಬಂತು. ಬಟ್ಟೆ ಅಭಾವದ ಬಿಸಿ ಮೈಸೂರು ಸಂಸ್ಥಾನಕ್ಕೂ ತಟ್ಟಿತು. ನಮ್ಮ ಮುತ್ತಜ್ಜಿಯರಿಗೆ ಪುಸ್ತಿಕೆ ಯಾರೂ ಕೊಡ್ಲಿಲ್ಲ. ಕೊಟ್ಟಿದ್ರೂ ಹೆಚ್ಚಿನವರಿಗೆ ಓದೋಕೆ ಬರ್ತಿರ್ಲಿಲ್ಲ. ಆದ್ರೆ ಆ ಪುಸ್ತಿಕೆಯಲ್ಲಿದ್ದ ಕೆಲಸ ಅವರ ಕೈಗೆ ಬರ್ತಿತ್ತು.

ಭಾಗ 5/6 | ಚೆಂದ ಅನ್ನೋಕೆ ಮುಂಚೆ ಒಂದು ಮಾತು

ಇಲ್ಲಿವರೆಗೆ ಓದಿ "ಆಹಾ, ಹಳೇ ಕಾಲ ಎಷ್ಟು ಚೆಂದ" ಅಂದ್ಕೊಂಡ್ರೆ ಸ್ವಲ್ಪ ನಿಲ್ಲಿ.

ನಮ್ಮದು ಬರದ ಜಿಲ್ಲೆ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ರು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟೆ ಶುರುವಾಗಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ಅದೇ ವಾಣಿವಿಲಾಸ ಸಾಗರ. ಆ ಡ್ಯಾಮೂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳೋಕೆ 2022 ಬರಬೇಕಾಯ್ತು. ಎಂಬತ್ತೊಂಬತ್ತು ವರ್ಷ! ಇಂಥ ಸೀಮೆಯಲ್ಲಿ ಸೀರೆಗೆ ಆರು ಆಯುಸ್ಸು ಕೊಟ್ಟಿದ್ದು ಫ್ಯಾಷನ್‌ಗಲ್ಲ. ಬೇರೆ ದಾರಿ ಇರ್ಲಿಲ್ಲ.

ಇನ್ನೊಂದು, ಈ ಕೆಲಸದ ಬಹುಪಾಲು ಮಾಡಿದ್ದು ಹೆಂಗಸರು. ಸಾರಿಸಿದ್ದು, ಬಳಿದಿದ್ದು, ಹೊಲಿದಿದ್ದು. ಹೊಲದ ಕೂಲಿ ಮುಗಿಸಿ ಬಂದು, ರೊಟ್ಟಿ ಬಡಿದು, ಮಧ್ಯಾಹ್ನ ಸಿಕ್ಕ ಒಂದಿಷ್ಟು ಹೊತ್ತಲ್ಲಿ. ಇದಕ್ಕೆ ಕೂಲಿ ಇಲ್ಲ, ಯಾವ ಲೆಡ್ಜರಲ್ಲೂ ಎಂಟ್ರಿ ಇಲ್ಲ. ರಾಜ ಕಟ್ಟಿಸಿದ ಬಾಗಿಲಿಗೆ ಶಾಸನ ಇರುತ್ತೆ. ಕೌದಿ ಮೇಲೆ ಹೆಸರು ಬರೆದೋರು ಎಷ್ಟು ಜನ?

ಆಮೇಲೆ ಎಲ್ಲಾ ಬದಲಾಯ್ತು. ಸಿಮೆಂಟ್ ಗೋಡೆಗೆ ಡಬ್ಬಿ ಪೇಂಟ್ ಬಂತು, ಆರ್‌ಸಿಸಿ ಮೇಲೆ ಮಣ್ಣು ಬೇಡ. ಪಾಲಿಯೆಸ್ಟರ್ ಸೀರೆ ಹರಿಯಲ್ಲ, ಬೆವರೂ ಹೀರಲ್ಲ, ಅದರ ಕೌದಿ ಜಾರುತ್ತೆ. ಅಂಗಡಿಯ ಗಾಜಿನ ಬಳೆ ಹೆಚ್ಚಾಗಿ ಬರೋದು ಉತ್ತರ ಪ್ರದೇಶದ ಫಿರೋಜಾಬಾದ್‌ನಿಂದ. ಇದರಲ್ಲಿ ಒಳ್ಳೇದೂ ಇದೆ. ಅಮ್ಮಂದಿರ ಬೆನ್ನು ನೋವು ಕಡಿಮೆ ಆಯ್ತು, ಮಳೆಗಾಲದಲ್ಲಿ ಸೋರೋ ಮಾಳಿಗೆ ಕೆಳಗೆ ಪಾತ್ರೆ ಇಡೋದು ತಪ್ಪಿತು. ಅದು ವಾಪಸ್ ಬರಲಿ ಅಂತ ನಾನು ಕೇಳ್ತಿಲ್ಲ.

ಹೋಗಬಾರದಿತ್ತು ಅನ್ಸೋದು ಒಂದೇ: ಕೈಯಲ್ಲಿರೋ ವಸ್ತು ನೋಡಿ "ಇದು ಇನ್ನೇನಾಗಬಹುದು" ಅಂತ ಕೇಳೋ ಅಭ್ಯಾಸ. ಬಡತನ ಇದ್ದಾಗ ಅದು ಕಡ್ಡಾಯ ಆಗಿತ್ತು. ನಮಗೆ ಅದನ್ನ ಇಷ್ಟಪಟ್ಟು ಮಾಡೋ ಅವಕಾಶ ಇದೆ.

ಭಾಗ 6/6 | ಈ ಹಬ್ಬಕ್ಕೆ, ಒಂದು ರೂಪಾಯಿ ಖರ್ಚಿಲ್ದೆ

1. ಮೊದಲು ರೂಮ್ ಪೂರ್ತಿ ಖಾಲಿ ಮಾಡಿ. ಸುಣ್ಣ ಬಳಿಯೋ ಮುಂಚೆ ಸಾಮಾನೆಲ್ಲ ಅಂಗಳಕ್ಕೆ ಬರ್ತಿತ್ತಲ್ಲ, ಅದೇ ಅರ್ಧ ಅಲಂಕಾರ. ವಾಪಸ್ ಇಡುವಾಗ ಬೇಕಾದ್ದು ಮಾತ್ರ, ಅದೂ ಬೇರೆ ಜಾಗದಲ್ಲಿ.

2. ಅಟ್ಟದ ಮೇಲಿರೋ ತಗಡಿನ ಟ್ರಂಕು ಇಳಿಸಿ, ಒರೆಸಿ, ಕಿಟಕಿ ಪಕ್ಕ ಇಡಿ. ಮೇಲೆ ಕೌದಿ ಮಡಚಿ ಹಾಸಿದ್ರೆ ಕೂರೋಕೆ ಜಾಗ, ಒಳಗೆ ಪುಸ್ತಕ.

3. ಹಿತ್ತಾಳೆ ಚೊಂಬು, ತಾಮ್ರದ ಬಿಂದಿಗೆ ಇದ್ರೆ ಹುಣಸೆಹಣ್ಣು-ಉಪ್ಪು ಹಾಕಿ ತಿಕ್ಕಿ. ಹುಳಿ ಕಿಲುಬನ್ನ ಕರಗಿಸುತ್ತೆ. ಹಿತ್ತಲಲ್ಲಿ ಸಿಕ್ಕ ಹೂವಿನ ಗೊಂಚಲು ಇಟ್ರೆ ಸಾಕು.

4. ಅಮ್ಮನ ಹಳೇ ಹತ್ತಿ ಸೀರೆ ಕಿಟಕಿಗೆ ಪರದೆ. ಕತ್ತರಿಸಬೇಡಿ, ಕೇಳದೆ ತಗೋಬೇಡಿ.

5. ಹಳೇ ಮನೆ ಆಗಿದ್ರೆ ಗೋಡೆಯಲ್ಲಿ ದೀಪದ ಗೂಡು ಇರುತ್ತೆ. ಅದರೊಳಗಿನ ಚಾರ್ಜರ್, ಹಳೇ ಬಿಲ್ಲು ತೆಗೀರಿ. ಸಂಜೆ ಒಂದು ದೀಪ ಇಡಿ.

ಕೊನೆಗೆ ಒಂದು ಅಸೈನ್‌ಮೆಂಟ್, ಮಾರ್ಕ್ಸ್ ಇಲ್ಲ. ನಿಮ್ಮ ಮನೆಯ ಅತೀ ಹಳೇ ಕೌದಿ ಹುಡುಕಿ. ಅಜ್ಜಿನೋ, ದೊಡ್ಡಮ್ಮನೋ, ಯಾರು ಹಿರಿಯರಿದ್ದಾರೋ ಅವರ ಪಕ್ಕ ಕೂತು ಕೇಳಿ: ಇದನ್ನ ಹೊಲಿದಿದ್ದು ಯಾರು? ಈ ತುಂಡು ಯಾರ ಸೀರೆ? ಯಾವ ಮದುವೆಗೆ ತಂದಿದ್ದು? ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ಹೆಸರು ಬರೆದಿಡಿ. ಅವರು ಹೋದ ಮೇಲೆ ಆ ತುಂಡುಗಳು ಬರೀ ಬಟ್ಟೆ ಆಗ್ಬಿಡ್ತವೆ. ನಮ್ಮನೆಯ ಮೂರನೇ ಸೀರೆಯ ಹಾಗೆ.

ಫೋಟೋ ಹಾಕಿದ್ರೆ ನನ್ನ ಟ್ಯಾಗ್ ಮಾಡಿ, ಸ್ಟೋರಿಗೆ ಹಾಕ್ತೀನಿ. ಹೊಲಿದವರ ಹೆಸರು ಅವರಿಗೆ ಒಪ್ಪಿಗೆ ಇದ್ರೆ ಮಾತ್ರ ಬರೀರಿ. ಮುಂದಿನ ಸರಣಿ ಕಂಬಳಿ ಬಗ್ಗೆ. ಸಿಗೋಣ.

#ನಮ್ಮದುರ್ಗ #ಕೌದಿ #ಮತ್ತೋಡು #ಸುಣ್ಣಕಾರಣೆ #ಮನೆಯಚರಿತ್ರೆ