ಕವಿಯ ನೆರಳಿನಲ್ಲಿ ಮರೆಯಾದ ಗಣಿತಜ್ಞ

ಉಮರ್ ಖಯ್ಯಾಮ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಡಿ.ವಿ.ಗುಂಡಪ್ಪನವರ ‘ಉಮರನ ಒಸಗೆ’. ಮಧುಪಾತ್ರೆ ಹಿಡಿದು ಬಾಳಿನ ಕ್ಷಣಿಕತೆಯನ್ನು ಹಾಡಿದ ಕವಿಯೆಂದೇ ಅವನನ್ನು ಬಲ್ಲವರು ಹೆಚ್ಚು. ಆದರೆ ತನ್ನ ಕಾಲದಲ್ಲಿ ಅವನು ಹೆಸರಾಗಿದ್ದದ್ದು ಗಣಿತಜ್ಞನಾಗಿ, ಖಗೋಳಜ್ಞನಾಗಿ.

ಅವನು ಹುಟ್ಟಿದ್ದು 1048ರಲ್ಲಿ, ಪರ್ಷಿಯಾದ ನಿಶಾಪುರದಲ್ಲಿ. ‘ಖಯ್ಯಾಮ್’ ಎಂದರೆ ಡೇರೆ ಹೊಲಿಯುವವನು. 1070ರ ಸುಮಾರಿಗೆ ಸಮರ್ಕಂದದ ನ್ಯಾಯಾಧೀಶ ಅಬು ತಾಹಿರ್‌ನ ಆಶ್ರಯದಲ್ಲಿ ಅವನು ಬೀಜಗಣಿತದ ಮಹತ್ವದ ಗ್ರಂಥವೊಂದನ್ನು ರಚಿಸಿದ. ಘನ ಸಮೀಕರಣಗಳನ್ನು ಬಗೆಬಗೆಯಾಗಿ ವಿಂಗಡಿಸಿ, ವೃತ್ತ, ಪರವಲಯ ಮೊದಲಾದ ವಕ್ರರೇಖೆಗಳು ಪರಸ್ಪರ ಛೇದಿಸುವ ಬಿಂದುವಿನಿಂದ ಉತ್ತರ ಪಡೆಯುವ ವಿಧಾನವನ್ನು ಅದರಲ್ಲಿ ವಿವರಿಸಿದ. ಬರಿಯ ಅಂಕಗಣಿತದಿಂದ ಇವನ್ನು ಬಿಡಿಸುವುದು ತನಗೆ ಸಾಧ್ಯವಾಗಲಿಲ್ಲ, ಮುಂದೆ ಬರುವವರಿಗೆ ಸಾಧ್ಯವಾದೀತು ಎಂದೂ ಒಪ್ಪಿಕೊಂಡ. ಅಂಥ ಸೂತ್ರ ಅಚ್ಚಾದದ್ದು 1545ರಲ್ಲಿ, ಇಟಲಿಯ ಕಾರ್ಡಾನೋನ ಗ್ರಂಥದಲ್ಲಿ.

1074ರಲ್ಲಿ ಸೆಲ್ಜುಕ್ ಸುಲ್ತಾನ ಮಲಿಕ್ ಷಾ ಅವನನ್ನು ಇಸ್ಫಹಾನಿಗೆ ಕರೆಸಿಕೊಂಡ. ಅಲ್ಲಿನ ವೀಕ್ಷಣಾಲಯದಲ್ಲಿ ಅವನೂ ಸಂಗಡಿಗರೂ ಸಿದ್ಧಪಡಿಸಿದ ‘ಜಲಾಲಿ’ ಪಂಚಾಂಗ 1079ರಲ್ಲಿ ಜಾರಿಗೆ ಬಂತು. 33 ವರ್ಷಗಳಿಗೆ 8 ಅಧಿಕ ವರ್ಷಗಳೆಂಬ ಲೆಕ್ಕ ಖಯ್ಯಾಮನದೆಂಬ ಪ್ರತೀತಿಯಿದೆ. ಈ ಲೆಕ್ಕದಲ್ಲಿ ವರ್ಷಕ್ಕೆ 365.2424 ದಿನ. 1582ರಲ್ಲಿ ಬಂದ, ಇಂದು ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ 365.2425 ದಿನ. ಸೂರ್ಯನ ನಿಜಗತಿಗೆ ಹೆಚ್ಚು ಹತ್ತಿರವಿರುವುದು ಮೊದಲಿನದೇ.

1092ರಲ್ಲಿ ವಜೀರ ನಿಜಾಮ್ ಉಲ್ ಮುಲ್ಕ್‌ನ ಕೊಲೆಯಾಯಿತು. ಅದೇ ವರ್ಷ ಸುಲ್ತಾನನೂ ತೀರಿಕೊಂಡ. ವೀಕ್ಷಣಾಲಯಕ್ಕೆ ಬರುತ್ತಿದ್ದ ಹಣ ನಿಂತಿತು. ಖಯ್ಯಾಮನ ದೈವಶ್ರದ್ಧೆಯನ್ನೇ ಕೆಲವರು ಶಂಕಿಸಿದರು. ಆ ಅಪವಾದದಿಂದ ಪಾರಾಗಲೆಂದೇ ಅವನು ಮೆಕ್ಕಾ ಯಾತ್ರೆ ಕೈಗೊಂಡನೆಂದು ಹಳೆಯ ಚರಿತ್ರಕಾರನೊಬ್ಬ ಬರೆದಿದ್ದಾನೆ. 1131ರಲ್ಲಿ ಹುಟ್ಟೂರಿನಲ್ಲೇ ಅವನು ಕೊನೆಯುಸಿರೆಳೆದ.

ಅವನ ಕವಿಕೀರ್ತಿ ಲೋಕಕ್ಕೆ ಹಬ್ಬಿದ್ದು ಏಳು ಶತಮಾನಗಳ ನಂತರ. ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ 1859ರಲ್ಲಿ ಹೊರತಂದ ‘ರುಬಾಯಿಯಾತ್’ ಇಂಗ್ಲಿಷ್ ಅನುವಾದಕ್ಕೆ ಮೊದಲು ಕೊಳ್ಳುವವರೇ ಇರಲಿಲ್ಲ. ಲಂಡನ್ನಿನ ಪುಸ್ತಕದಂಗಡಿಯೊಂದರಲ್ಲಿ ಅದು ಒಂದು ಪೆನ್ನಿಗೆ ಮಾರಾಟಕ್ಕಿತ್ತು. ಕವಿ ರೊಸೆಟ್ಟಿ ಮತ್ತು ಅವನ ಗೆಳೆಯರ ಕಣ್ಣಿಗೆ ಬಿದ್ದ ಮೇಲೆ ಅದರ ಅದೃಷ್ಟ ಖುಲಾಯಿಸಿತು.

ವಿಚಿತ್ರವೆಂದರೆ, ಆ ಚೌಪದಿಗಳಲ್ಲಿ ನಿಜಕ್ಕೂ ಅವನವು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಬೀಜಗಣಿತದ ಗ್ರಂಥ ಮಾತ್ರ ನಿಸ್ಸಂಶಯವಾಗಿ ಅವನದೇ. ಜಲಾಲಿ ಪಂಚಾಂಗದ ಪರಂಪರೆಯೂ ಮುಗಿದಿಲ್ಲ. ವಸಂತ ವಿಷುವದಂದು ನೌರೋಜ್ ಆಚರಿಸುವ ಇರಾನಿಯರ ಹೊಸ ವರ್ಷ ಅದೇ ಜಾಡಿನಲ್ಲಿ ಬರುತ್ತಿದೆ.