ಬೆಟ್ಟದ ತುದಿಯ ಟಪಾಲು

ಟೆಲಿಫೋನ್ ತಂತಿಯ ಹಂಗಿಲ್ಲದೆ, ಯಾವ ಕಂಪನಿಗೂ ಶುಲ್ಕ ಕಟ್ಟದೆ, ಒಂದು ಊರಿನ ಕಂಪ್ಯೂಟರಿನಿಂದ ನೂರಾರು ಕಿಲೋಮೀಟರ್ ಆಚೆಯ ಕಂಪ್ಯೂಟರಿಗೆ ಪತ್ರ ಕಳಿಸುವುದು ಸಾಧ್ಯವೇ? ಇಂಟರ್‌ನೆಟ್ ಮನೆಮನೆಗೆ ಕಾಲಿಡುವ ಮೊದಲೇ, 1980ರ ದಶಕದಲ್ಲಿ, ಅಮೆರಿಕದ ಹವ್ಯಾಸಿ ರೇಡಿಯೊ ಬಳಕೆದಾರರು ಇದನ್ನು ಮಾಡಿ ತೋರಿಸಿದರು. ‘ಹ್ಯಾಮ್’ಗಳೆಂದು ಹೆಸರಾದ ಇವರು ಅದಕ್ಕಾಗಿ ನೆಚ್ಚಿಕೊಂಡದ್ದು ಬೆಟ್ಟಗಳನ್ನು. ಆದರೆ ಸಂದೇಶವನ್ನು ದೂರ ಸಾಗಿಸಿದ ಆ ಎತ್ತರವೇ ಕೆಲವು ವರ್ಷಗಳಲ್ಲಿ ಅದರ ದಾರಿಗೆ ಅಡ್ಡಬಂದಿತು.

ಈ ವಿಧಾನದ ಮೂಲ ಹವಾಯಿ ದ್ವೀಪಗಳಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ‘ಅಲೋಹಾನೆಟ್’ ಎಂಬ ಜಾಲವನ್ನು ಆರಂಭಿಸಿದರು. ಮಾಹಿತಿಯನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ವಿಳಾಸ ಹಚ್ಚಿ, ರೇಡಿಯೊ ಮೂಲಕ ಕಳಿಸುವುದು ಅದರ ತತ್ವ. ಹವ್ಯಾಸಿಗಳ ಪೈಕಿ ಕೆನಡಾದ ಮಾಂಟ್ರಿಯಲ್‌ನವರು 1978ರ ಮೇ 31ರಂದು ಮೊದಲ ಬಾರಿಗೆ ಹೀಗೆ ಪೊಟ್ಟಣ ಕಳಿಸಿದರು. ಅಮೆರಿಕದಲ್ಲಿ ಇದಕ್ಕೆ ದಾರಿ ತೆರೆದದ್ದು 1980ರ ಮಾರ್ಚ್‌ನಲ್ಲಿ. ಅದೇ ಡಿಸೆಂಬರಿನಲ್ಲಿ ಹ್ಯಾಂಕ್ ಮ್ಯಾಗ್ನುಸ್ಕಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಆ ದೇಶದ ಮೊದಲ ಹವ್ಯಾಸಿ ಪೊಟ್ಟಣ ಮರುಪ್ರಸಾರ ಕೇಂದ್ರವನ್ನು ಆರಂಭಿಸಿದರು.

ಇಂಥ ಕೇಂದ್ರಕ್ಕೆ ಬೆಟ್ಟವೇ ಏಕೆ ಬೇಕು? ಇವರು ಹೆಚ್ಚಾಗಿ ಬಳಸಿದ್ದು 145 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು. ಅವು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಭೂಮಿಯ ಉಬ್ಬು ಅವಕ್ಕೆ ಅಡ್ಡಿಯಾಗುತ್ತದೆ. ಸುತ್ತಲಿನ ಬಯಲಿಗಿಂತ 1,000 ಮೀಟರ್ ಎತ್ತರದಲ್ಲಿ ಆಂಟೆನಾ ನೆಟ್ಟರೆ ಸುಮಾರು 130 ಕಿ.ಮೀ. ದೂರದವರೆಗಿನ ನೆಲ ಅದರ ನೋಟಕ್ಕೆ ಸಿಗುತ್ತದೆ. ಬೆಟ್ಟದ ಕೇಂದ್ರದ ಕೆಲಸ ಸರಳವಾಗಿತ್ತು: ಪೊಟ್ಟಣದ ವಿಳಾಸದಲ್ಲಿ ತನ್ನ ಹೆಸರಿದ್ದರೆ ಅದನ್ನು ಅದೇ ಕಂಪನಾಂಕದಲ್ಲಿ ಮತ್ತೆ ಪ್ರಸಾರ ಮಾಡುವುದು. 1984ರಲ್ಲಿ ಪ್ರಕಟವಾದ ನಿಯಮಾವಳಿಯ ಪ್ರಕಾರ ಇಂಥ ಎಂಟು ಕೇಂದ್ರಗಳ ಮೂಲಕ ಪೊಟ್ಟಣವನ್ನು ದಾಟಿಸಬಹುದಿತ್ತು. ವೇಗ ಸೆಕೆಂಡಿಗೆ 1,200 ಬಿಟ್. ದಾರಿ ಪೂರ್ತಿ ತೆರವಾಗಿದ್ದರೂ 2,000 ಇಂಗ್ಲಿಷ್ ಅಕ್ಷರಗಳ ಒಂದು ಪುಟ ಒಂದು ಹಂತ ದಾಟಲು 13 ಸೆಕೆಂಡ್ ಬೇಕಿತ್ತು.

ತುದಿಯಲ್ಲಿ ಕಾವಲಿಗೆ ಮನುಷ್ಯರಿರುತ್ತಿರಲಿಲ್ಲ. ಒಂದು ರೇಡಿಯೊ, ಪೊಟ್ಟಣ ಕಟ್ಟಿ ಬಿಚ್ಚುವ ಸಣ್ಣ ಪೆಟ್ಟಿಗೆ, ಬ್ಯಾಟರಿ, ಆಂಟೆನಾ ಇಷ್ಟೇ ಅಲ್ಲಿನ ಸರಂಜಾಮು. ಸಿಡಿಲು ಬಡಿದರೆ, ಹಿಮ ಕಟ್ಟಿ ಆಂಟೆನಾ ಬಾಗಿದರೆ, ಸ್ವಂತ ಖರ್ಚಿನಲ್ಲಿ ಯಾರಾದರೂ ಬೆಟ್ಟ ಹತ್ತಬೇಕು. ರೇಡಿಯೊ ಕೆಟ್ಟು ಎಡೆಬಿಡದೆ ಪ್ರಸಾರ ಮಾಡತೊಡಗಿದರೆ ಇಡೀ ಪ್ರದೇಶದ ಸಂಪರ್ಕ ನಿಂತುಹೋಗುತ್ತಿತ್ತು. ಆದ್ದರಿಂದ ನಿಗದಿತ ಅವಧಿ ಮೀರಿದೊಡನೆ ಪ್ರಸಾರವನ್ನು ಕಡಿದುಹಾಕುವ ಟೈಮರ್ ಒಂದನ್ನು ಜೋಡಿಸುತ್ತಿದ್ದರು.

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಇಲ್ಲಿಯೂ ನಿಜವಾಯಿತು. ಒಂದೇ ಕಂಪನಾಂಕವನ್ನು ಹಲವರು ಹಂಚಿಕೊಂಡಾಗ ಇರುವ ಶಿಷ್ಟಾಚಾರ ಒಂದೇ: ಮೊದಲು ಕೇಳು, ಯಾರೂ ಮಾತನಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಳಿಸು. ಆದರೆ ಬೆಟ್ಟದ ಆಚೆ ಬದಿಯವರ ದನಿ ಈಚೆಯವರಿಗೆ ಕೇಳಿಸದು. ಇಬ್ಬರೂ ಮೌನವೆಂದು ಭಾವಿಸಿ ಒಟ್ಟಿಗೇ ಕಳಿಸುತ್ತಾರೆ. ಎರಡನ್ನೂ ಕೇಳುವ ಬೆಟ್ಟಕ್ಕೆ ಒಂದೂ ಅರ್ಥವಾಗುವುದಿಲ್ಲ. ‘ಮರೆಯ ಕೇಂದ್ರ’ದ ಈ ಸಮಸ್ಯೆಯನ್ನು ಫೌಅದ್ ತೊಬಾಗಿ ಮತ್ತು ಲಿಯೊನಾರ್ಡ್ ಕ್ಲೈನ್‌ರಾಕ್ 1975ರಲ್ಲೇ ವಿವರಿಸಿದ್ದರು. ಯಾರೂ ಕೇಳಿಸಿಕೊಳ್ಳದೆ ಮನಬಂದಾಗ ಕಳಿಸುವ ಅಲೋಹಾ ಪದ್ಧತಿಯಲ್ಲಿ, ಲೆಕ್ಕದ ಪ್ರಕಾರ, ಹೆಚ್ಚೆಂದರೆ ನೂರಕ್ಕೆ 18 ಪಾಲು ಸಮಯವಷ್ಟೇ ಸಾರ್ಥಕವಾಗುತ್ತದೆ. ಬೆಟ್ಟ ಎತ್ತರವಾದಷ್ಟೂ ಮರೆಯಲ್ಲಿರುವವರು ಹೆಚ್ಚು. ಶಿಷ್ಟಾಚಾರವಿದ್ದೂ ಸ್ಥಿತಿ ಅಲೋಹಾದತ್ತ ಜಾರುತ್ತದೆ.

ಇನ್ನೊಂದು ತೊಂದರೆ ರಸೀದಿಯದು. ಪೊಟ್ಟಣ ಮುಟ್ಟಿತೆಂಬ ರಸೀದಿ ಕೊನೆಯ ಊರಿನಿಂದ ಮೊದಲ ಊರಿಗೆ ಅದೇ ದಾರಿಯಲ್ಲಿ ಮರಳಬೇಕಿತ್ತು. ನಾಲ್ಕು ಬೆಟ್ಟಗಳಿದ್ದರೆ ಐದು ಹಂತ, ಹೋಗಿಬರುವುದಕ್ಕೆ ಹತ್ತು. ಪ್ರತಿ ಹಂತದಲ್ಲೂ ಹತ್ತಕ್ಕೆ ಒಂಬತ್ತು ಸಲ ಗೆದ್ದರೂ, ಹತ್ತೂ ಹಂತಗಳನ್ನು ಗೆಲ್ಲುವ ಸಂಭವ ನೂರಕ್ಕೆ ಕೇವಲ 35. ಎಲ್ಲೋ ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿನಿಂದ ಕಳಿಸಬೇಕು. ಹಾಗೆ ಕಳಿಸಿದ್ದರಿಂದ ದಟ್ಟಣೆ ಇನ್ನೂ ಬೆಳೆಯುತ್ತಿತ್ತು.

ಪರಿಹಾರ ದೊರೆತದ್ದು ಹಳೆಯ ಟಪಾಲಿನ ರೀತಿಯಲ್ಲಿ. ಚೀಲ ಹೊತ್ತು ಓಡುವವನು ಮುಂದಿನ ಕಟ್ಟೆಯವನಿಗೆ ಅದನ್ನು ಒಪ್ಪಿಸಿದರೆ ಅವನ ಹೊಣೆ ಮುಗಿಯಿತು. 1987ರಲ್ಲಿ ಬಂದ ‘ನೆಟ್/ರಾಮ್’ ಎಂಬ ತಂತ್ರಾಂಶ ಬೆಟ್ಟದ ಕೇಂದ್ರಗಳಿಗೆ ಇದನ್ನೇ ಕಲಿಸಿತು. ಪ್ರತಿ ಕೇಂದ್ರ ಪೊಟ್ಟಣವನ್ನು ತನ್ನಲ್ಲಿ ಇಟ್ಟುಕೊಂಡು, ಮುಂದಿನ ಕೇಂದ್ರದಿಂದ ರಸೀದಿ ಬರುವವರೆಗೆ ತಾನೇ ಪ್ರಯತ್ನಿಸುತ್ತಿತ್ತು. ಅದು ಬಂದದ್ದು ಒಂದು ಚಿಪ್‌ನ ರೂಪದಲ್ಲಿ. ಪೆಟ್ಟಿಗೆ ಬಿಚ್ಚಿ ಹಳೆಯ ಚಿಪ್ ತೆಗೆದು ಹೊಸದನ್ನು ಕೂರಿಸಲು ಮತ್ತೆ ಬೆಟ್ಟವನ್ನೇ ಹತ್ತಬೇಕಿತ್ತು. ಜತೆಗೆ ಬೆಟ್ಟದಿಂದ ಬೆಟ್ಟಕ್ಕೆ ಬೇರೆ ಕಂಪನಾಂಕ, ಊರಿನವರಿಗೆ ಬೇರೆ ಕಂಪನಾಂಕ ಎಂಬ ವಿಂಗಡಣೆಯೂ ಬಂದಿತು. ಆದರೂ ಮನುಷ್ಯನ ನಿಗಾ ತಪ್ಪಲಿಲ್ಲ. ಹವೆಯ ವಿಶೇಷದಿಂದ ಬಲುದೂರದ ಕೇಂದ್ರವೊಂದು ಕ್ಷಣಕಾಲ ಕೇಳಿಸಿದರೆ ಯಂತ್ರ ಅದನ್ನೇ ನಂಬಿ, ಇಲ್ಲದ ದಾರಿಯಲ್ಲಿ ಪತ್ರಗಳನ್ನು ಅಟ್ಟುತ್ತಿತ್ತು. ಅಂಥ ದಾರಿಗಳನ್ನು ಪಟ್ಟಿಯಿಂದ ಹೊಡೆದುಹಾಕುವುದು ಕೇಂದ್ರ ನಡೆಸುವವರ ಕೆಲಸವಾಗಿತ್ತು.

ಈ ಶ್ರಮ ಬರೀ ವಿನೋದಕ್ಕಾಗಿರಲಿಲ್ಲ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೇಟಾ ಭೂಕಂಪ ಸಂಭವಿಸಿದಾಗ ಹವ್ಯಾಸಿಗಳ ಪೊಟ್ಟಣ ರೇಡಿಯೊ ಕೂಡ ಪರಿಹಾರ ಕಾರ್ಯದ ಸಂದೇಶಗಳನ್ನು ಸಾಗಿಸಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಒಮ್ಮೆಲೇ ಮಾತನಾಡಬಯಸುತ್ತಾರೆ. ಬೆಟ್ಟದ ಕೇಂದ್ರಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಆಗಲೇ.

1990ರ ದಶಕದಲ್ಲಿ ಇಂಟರ್‌ನೆಟ್ ಹರಡಿದಂತೆ ಪತ್ರ ಕಳಿಸುವವರು ಅತ್ತ ಸರಿದರು. ಆದರೆ ಬೆಟ್ಟದ ಕೇಂದ್ರಗಳು ಪೂರ್ತಿ ಮಾಯವಾಗಲಿಲ್ಲ. 1992ರಲ್ಲಿ ಬಾಬ್ ಬ್ರೂನಿಂಗಾ ಪರಿಚಯಿಸಿದ ‘ಎಪಿಆರ್‌ಎಸ್’ ಪದ್ಧತಿಯಲ್ಲಿ ವಾಹನಗಳು ತಾವಿರುವ ಸ್ಥಳವನ್ನು ಪುಟ್ಟ ಪೊಟ್ಟಣಗಳಲ್ಲಿ ಸಾರುತ್ತವೆ. ಅದಕ್ಕೆ ರಸೀದಿ ಬೇಡವಾದ್ದರಿಂದ ಹಳೆಯ ಸರಳ ಮರುಪ್ರಸಾರವೇ ಸಾಕಾಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಳವಡಿಸಿದ ಹವ್ಯಾಸಿ ರೇಡಿಯೊ ಕೂಡ ಸುಮಾರು 400 ಕಿ.ಮೀ. ಎತ್ತರದಿಂದ ಹೀಗೆಯೇ ಪೊಟ್ಟಣಗಳನ್ನು ಮರುಪ್ರಸಾರ ಮಾಡಿದೆ. ಅಷ್ಟು ಎತ್ತರಕ್ಕೆ ಖಂಡದಗಲದ ದನಿಗಳು ಒಟ್ಟಿಗೇ ಕೇಳಿಸುತ್ತವೆ. ಆದ್ದರಿಂದ ಅಲ್ಲಿಯೂ ಹಳೆಯ ನಿಯಮವೇ ಅನ್ವಯಿಸುತ್ತದೆ: ಅಗತ್ಯವಿದ್ದಷ್ಟೇ ಕಳಿಸಬೇಕು, ಉಳಿದವರಿಗೆ ಎಡೆ ಬಿಡಬೇಕು.